ಮೇಷ್ಟ್ರು ಬರೆದಿಡದ ಲೆಕ್ಕ

ಹಾಸನದ ಆ ಗಣಿತದ ಮೇಷ್ಟ್ರ ಮೇಲೆ ಅವರ ಶಿಷ್ಯರಿಗೆಲ್ಲ ಒಂದೇ ದೂರು. ಉತ್ತರ ಸರಿಯಿದ್ದರೂ ನಡುವೆ ಒಂದು ಹಂತ ಬಿಟ್ಟರೆ ಅಂಕ ಕತ್ತರಿಸಿಬಿಡುತ್ತಾರೆ! ಮನೆಯಲ್ಲಿ ಮಗಳಿಗೂ ವಿನಾಯಿತಿ ಇರಲಿಲ್ಲ. ವಾರಕ್ಕೆ ಕೊಡುತ್ತಿದ್ದ 20 ರೂಪಾಯಿಗೂ ಅವಳು ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದಿಡಬೇಕಿತ್ತು.

ಇಂಥ ಮೇಷ್ಟ್ರಿಗೆ 2021ರಲ್ಲಿ ಕ್ರಿಪ್ಟೊ ಕರೆನ್ಸಿಯ ಹುಚ್ಚು ಹತ್ತಿತು. ದುಡ್ಡಿನ ಆಸೆಗಿಂತ ಅದರ ಹಿಂದಿರುವ ಗಣಿತದ ಕುತೂಹಲವೇ ಹೆಚ್ಚು. ಆ ನವೆಂಬರ್‌ನಲ್ಲಿ 6,000 ರೂಪಾಯಿಗೆ ಬಿಟ್‌ಕಾಯಿನ್‌ನ ಒಂದು ಚೂರು ಕೊಂಡರು. ಮರುವರ್ಷ ಜೂನ್‌ನಲ್ಲಿ ಮತ್ತೆ 6,000ಕ್ಕೆ ಈಥರ್ ಕೊಂಡರು. ಆಗಸ್ಟ್‌ನಲ್ಲಿ ಈಥರ್‌ನ ಬೆಲೆ 10,000 ಆದಾಗ ಅದನ್ನು ಕೊಟ್ಟು ಬೇರೊಂದು ನಾಣ್ಯ ಪಡೆದರು. ನವೆಂಬರ್‌ನಲ್ಲಿ ಬಿಟ್‌ಕಾಯಿನ್ ಕುಸಿದಾಗ ಬೇಸತ್ತು 2,000ಕ್ಕೆ ಮಾರಿದರು. 4,000 ಬಂತು, 4,000 ಹೋಯಿತು. ಲೆಕ್ಕ ಚುಕ್ತಾ ಎಂದು ಮರೆತರು.

2023ರ ಜುಲೈನಲ್ಲಿ ಬಿ.ಕಾಂ. ಓದುತ್ತಿದ್ದ ಮಗಳು ಅಪ್ಪನ ಆದಾಯ ತೆರಿಗೆ ರಿಟರ್ನ್ ತುಂಬಲು ಕುಳಿತಳು.

‘ಅಪ್ಪಾ, ಈ ಸಲ ಸಹಜ್ ಫಾರಂ ನಡೆಯೋದಿಲ್ಲ. ಕ್ರಿಪ್ಟೊ ಇದ್ದರೆ ಬೇರೆ ಫಾರಂ. ಕೊಂಡ ದಿನ, ಮಾರಿದ ದಿನ, ಕೊಂಡ ಬೆಲೆ, ಮಾರಿದ ಬೆಲೆ, ಒಂದೊಂದನ್ನೂ ಬರೀಬೇಕು.’

‘ಲಾಭವೇ ಆಗಿಲ್ಲವಲ್ಲ ಪುಟ್ಟಿ. ಇಷ್ಟು ಚಿಲ್ಲರೆ ದುಡ್ಡನ್ನು ಯಾರು ನೋಡ್ತಾರೆ?’

ಆದರೆ ನೋಡಿಯಾಗಿತ್ತು. 2022ರ ಜುಲೈ 1ರಿಂದ ಕ್ರಿಪ್ಟೊ ಮಾರಾಟದ ಮೊತ್ತದಲ್ಲಿ ಶೇ. 1ರಷ್ಟನ್ನು ಮೂಲದಲ್ಲೇ ಮುರಿದುಕೊಳ್ಳುವ ನಿಯಮ ಬಂದಿದೆ. ಹಾಗೆ ಮುರಿದ 120 ರೂಪಾಯಿ ಮೇಷ್ಟ್ರ ಪ್ಯಾನ್ ಸಂಖ್ಯೆಯ ಎದುರು ಇಲಾಖೆಯ ದಾಖಲೆಯಲ್ಲಿ ಕುಳಿತಿತ್ತು.

ಮಗಳು ಲೆಕ್ಕ ಬಿಡಿಸುತ್ತಾ ಹೋದಂತೆ ಮೇಷ್ಟ್ರು ಪೆಚ್ಚಾದರು. ನಾಣ್ಯ ಕೊಟ್ಟು ನಾಣ್ಯ ಪಡೆದರೆ ಕೈಗೆ ಒಂದು ರೂಪಾಯಿ ಬರದಿದ್ದರೂ ಅದು ಮಾರಾಟವೇ. 2022ರ ಏಪ್ರಿಲ್ 1ರಿಂದ ಇಂಥ ಲಾಭಕ್ಕೆ ಶೇ. 30 ತೆರಿಗೆ, ತೆರಿಗೆಯ ಮೇಲೆ ಶೇ. 4 ಸೆಸ್. ಕೊಂಡ ಬೆಲೆಯನ್ನು ಬಿಟ್ಟು ಇನ್ನಾವ ಖರ್ಚನ್ನೂ ಕಳೆಯುವಂತಿಲ್ಲ. ಒಂದು ನಾಣ್ಯದ ನಷ್ಟವನ್ನು ಇನ್ನೊಂದರ ಲಾಭದಲ್ಲಿ ಕಳೆಯುವಂತಿಲ್ಲ, ಮುಂದಿನ ವರ್ಷಕ್ಕೆ ಒಯ್ಯುವಂತೆಯೂ ಇಲ್ಲ. ಈಥರ್‌ನ 4,000 ಲಾಭಕ್ಕೆ ತೆರಿಗೆ 1,200, ಸೆಸ್ 48. ಮುರಿದ 120 ಕಳೆದರೆ ಕಟ್ಟಬೇಕಾದದ್ದು 1,128 ರೂಪಾಯಿ.

‘ಗಳಿಸಿದ್ದು ಸೊನ್ನೆ, ತೆರಿಗೆ ಸಾವಿರಕ್ಕೂ ಮೇಲೆ!’ ಎಂದರು ಮೇಷ್ಟ್ರು.

‘ಬಿಟ್‌ಕಾಯಿನ್ ಕೊಂಡದ್ದು 6,000ಕ್ಕೆ ಅಂತ ಎಲ್ಲಿ ಬರೆದಿದ್ದೀರಿ?’

ಮೇಷ್ಟ್ರು ಉತ್ತರಿಸಲಿಲ್ಲ. ಕೊಂಡದ್ದು ಒಂದು ಆ್ಯಪ್‌ನಲ್ಲಿ, ಆಮೇಲೆ ಅದನ್ನು ಸಾಗಿಸಿ ಮಾರಿದ್ದು ಇನ್ನೊಂದರಲ್ಲಿ. ಮೊದಲನೆಯದು ಬಾಗಿಲು ಹಾಕಿತ್ತು, ಹಳೆಯ ಫೋನ್ ಗುಜರಿ ಸೇರಿತ್ತು. ಎರಡನೆಯದಕ್ಕೆ ಮಾರಿದ ಬೆಲೆ ಮಾತ್ರ ಗೊತ್ತು. ಕೊಂಡ ಬೆಲೆಗೆ ಆಧಾರ ತೋರಿಸದಿದ್ದರೆ ನಷ್ಟದಲ್ಲಿ ಮಾರಿದ ಆ 2,000 ಕೂಡ ಲಾಭದ ಲೆಕ್ಕಕ್ಕೆ ಬೀಳಬಹುದು.

ಎರಡು ಸಂಜೆ ಇಬ್ಬರೂ ಬೀರು ತಡಕಾಡಿದರು. ಕೊನೆಗೆ ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮಾಸಿದ ಒಂದು ಸಾಲು ಸಿಕ್ಕಿತು: 2021ರ ನವೆಂಬರ್, 6,000 ರೂಪಾಯಿ. ಮಗಳು ಅದರ ಫೋಟೊ ತೆಗೆದುಕೊಂಡಳು. ಎರಡನೆಯ ಆ್ಯಪ್‌ನ ವ್ಯವಹಾರ ಪಟ್ಟಿಯನ್ನೂ ಇಳಿಸಿ, ಮುದ್ರಿಸಿ, ಕಡತಕ್ಕೆ ಸೇರಿಸಿದಳು.

ಮೇಷ್ಟ್ರು ತೆರಿಗೆ ಕಟ್ಟಿದರು. ಅವರನ್ನು ಕಾಡಿದ್ದು ಆ 1,128 ರೂಪಾಯಿಯಲ್ಲ. ‘ಯಾರು ನೋಡ್ತಾರೆ’ ಎಂಬ ಮಾತು ತಮ್ಮ ಬಾಯಿಂದ ಬಂತಲ್ಲ, ಅದೂ ಮಗಳ ಎದುರಿಗೆ ಎಂಬುದು. ಶಾಲೆಯಲ್ಲಿ ಯಾವ ಹುಡುಗ ಹಾಗೆಂದಿದ್ದರೂ ಅವರು ಸುಮ್ಮನಿರುತ್ತಿರಲಿಲ್ಲ.

ಆ ರಾತ್ರಿ ಮಗಳು ತನ್ನ ಹಳೆಯ ಲೆಕ್ಕದ ನೋಟ್‌ಬುಕ್ಕನ್ನು ಮೇಜಿನ ಮೇಲಿಟ್ಟಳು. ಅರ್ಧ ಹಾಳೆಗಳು ಖಾಲಿ ಇದ್ದವು. ಮೇಷ್ಟ್ರು ಕನ್ನಡಕ ಹಾಕಿಕೊಂಡು, ಗೆರೆ ಎಳೆದು, ವಿನಿಮಯದಲ್ಲಿ ಬಂದು ಇನ್ನೂ ಕೈಯಲ್ಲೇ ಉಳಿದಿದ್ದ ನಾಣ್ಯದ ಹೆಸರು ಬರೆದರು. ಪಡೆದದ್ದು 2022ರ ಆಗಸ್ಟ್, ಬೆಲೆ 10,000. ಮಾರಿದ ದಿನದ ಜಾಗವನ್ನು ಖಾಲಿ ಬಿಟ್ಟರು.