ಪ್ರಶ್ನೆ ಕೇಳುವ ಬಗೆ



ಪ್ರಶ್ನೆಯು ಒಂದೇ ಆದರೂ ಅದನ್ನು ಕೇಳುವ ಬಗೆಗಳು ಎರಡು. ಒಂದು ಬಗೆಯು ಒಳಗಿರುವ ಉತ್ತರವನ್ನು ಹೊರಗೆ ತರುವುದು. ಇನ್ನೊಂದು ಬಾಯಿ ಮುಚ್ಚಿಸುವುದು.

ಇಂಗ್ಲೆಂಡಿನಲ್ಲಿ ಹುಟ್ಟಿದ ಎರಡು ದೂರದರ್ಶನದ ಆಟಗಳು ಇದಕ್ಕೆ ಸಾಕ್ಷಿಯಾಗಿವೆ. ‘ದಿ ವೀಕೆಸ್ಟ್ ಲಿಂಕ್’ ಎಂಬುದು 2000ರಲ್ಲಿ ಬಿಬಿಸಿಯಲ್ಲಿ ಆರಂಭವಾಯಿತು. ಅದರಲ್ಲಿ ಪ್ರತಿ ಸುತ್ತಿನ ಕೊನೆಗೆ ಆಟಗಾರರೇ ತಮ್ಮಲ್ಲೊಬ್ಬರನ್ನು ಮತ ಹಾಕಿ ಹೊರದೂಡುವರು. ಪ್ರಶ್ನೆ ಕೇಳುವಾಕೆಯು ಕಟುಮಾತಿನಿಂದ ಬೀಳ್ಕೊಡುತ್ತಿದ್ದಳು. ಅಮೇರಿಕದ ಎನ್‌ಬಿಸಿಯು 2001ರಲ್ಲಿ ಅದನ್ನು ತೊಡಗಿ 2002ರಲ್ಲಿಯೇ ನಿಲ್ಲಿಸಿತು. ನೀನಾ ಗುಪ್ತಾ ಅವರು ನಡೆಸಿಕೊಟ್ಟ ಹಿಂದಿಯ ‘ಕಮ್ಜೋರ್ ಕಡೀ ಕೌನ್’ ಸಹ ಬಹುಕಾಲ ಬಾಳಲಿಲ್ಲ.

ಎರಡನೆಯದು 1998ರಲ್ಲಿ ಮೊದಲಾದ ‘ಹೂ ವಾಂಟ್ಸ್ ಟು ಬಿ ಎ ಮಿಲಿಯನೇರ್’. ಅದು 2012ರಲ್ಲಿ ಸುವರ್ಣ ವಾಹಿನಿಯಲ್ಲಿ ‘ಕನ್ನಡದ ಕೋಟ್ಯಧಿಪತಿ’ಯಾಗಿ ಬಂದಿತು. 2021ರಲ್ಲಿ ನಮ್ಮನ್ನಗಲಿದ ಪುನೀತ್ ರಾಜಕುಮಾರರು ಎದುರಿಗೆ ಕುಳಿತವರ ಊರು, ಮನೆ, ಕಷ್ಟಸುಖಗಳನ್ನು ವಿಚಾರಿಸಿ, ನಾಲ್ಕು ಉತ್ತರಗಳನ್ನು ಮುಂದಿಟ್ಟು ಕಾಯುತ್ತಿದ್ದರು. ತಿಳಿಯದವರು ಅಲ್ಲಿಯವರೆಗೆ ಗೆದ್ದ ಹಣದೊಡನೆ ಮರ್ಯಾದೆಯಿಂದ ಏಳಬಹುದಾಗಿತ್ತು.

ನಾನು ಗೋಕಾಕದಲ್ಲಿ ಕಲಿತು ಮೂಡಲಗಿಗೆ ಸೊಸೆಯಾಗಿ ಬಂದವಳು. ನನ್ನ ನೆಗೆಣ್ಣಿಯ ತವರು ಹುಕ್ಕೇರಿ. ಏಳನೆಯ ಇಯತ್ತೆಗೇ ಆಕೆಯ ಶಾಲೆಯನ್ನು ಬಿಡಿಸಿದ್ದರು. ಆಟವು ನಡೆಯುವಾಗ ಮಾವನವರು ಪಡಸಾಲೆಯಲ್ಲಿ, ನಾವಿಬ್ಬರೂ ಅಡಿಗೆಮನೆಯಲ್ಲಿ. ಒಂದು ದಿನ ಆಕೆಯು ರೊಟ್ಟಿ ಬಡಿಯುತ್ತಲೇ ಉತ್ತರ ಹೇಳಿದಳು, ಅದು ಸರಿಯಾಯಿತು. ಮುಂದಿನದೂ ಸರಿಯಾಯಿತು, ಅದರ ಮುಂದಿನದೂ. ಮಾವನವರು ಒಳಗೆ ಇಣಿಕಿ, “ಯವ್ವಾ, ಇದೆಲ್ಲಾ ನಿನಗ ಹ್ಯಾಂಗ ಗೊತ್ತು?” ಎಂದರು.

“ಹುಡುಗರ ಪುಸ್ತಕಾ ಓದತೇನ್ರೀ ಮಾಮಾ.”

ಹದಿನಾಲ್ಕು ವರುಷ ಆ ಮನೆಯಲ್ಲಿ ಬಾಳಿದ್ದರೂ ಆಕೆಯನ್ನು ಯಾರೂ ಹೀಗೆ ಕೇಳಿರಲಿಲ್ಲ. ಮರುದಿನದಿಂದ ನಮ್ಮ ಮನೆಯಲ್ಲಿ ರೊಟ್ಟಿಗಳು ಹೊತ್ತಿಗೆ ಮುಂಚೆಯೇ ಆಗತೊಡಗಿದವು. ಆಕೆಗೆ ಪಡಸಾಲೆಯಲ್ಲಿ ಸ್ಥಳ ದೊರೆಯಿತು.

ಮುಂದಿನ ವರುಷ ಆಕೆಯ ಮಗಳು ಏಳನೆಯ ಇಯತ್ತೆಯನ್ನು ಮುಗಿಸಿದಳು. ಹೆಣ್ಣಿಗೆ ಇಷ್ಟು ಸಾಕೆಂಬ ಮಾತು ಹಿರಿಯರಲ್ಲಿ ಎದ್ದಿತು. ಆಗ ಮಾವನವರು ಸೊಸೆಯ ಕಡೆಗೆ ತಿರುಗಿ, “ನೀ ಏನಂತೀಯವ್ವಾ?” ಎಂದು ಕೇಳಿ, ಸುಮ್ಮನೆ ಕಾದು ಕುಳಿತರು. ಈ ಪ್ರಶ್ನೆಗೆ ನಾಲ್ಕು ಉತ್ತರಗಳನ್ನು ಯಾರೂ ಮುಂದಿಟ್ಟಿರಲಿಲ್ಲ. ಆಕೆಯು ಸೆರಗು ಸರಿಪಡಿಸಿಕೊಂಡು, “ಕಲೀಲ್ರಿ” ಎಂದಳು. ಹುಡುಗಿಯು ಗೋಕಾಕದ ಹೈಸ್ಕೂಲಿಗೆ ಹೋದಳು.

ಕೋಟಿ ರೂಪಾಯಿ ನಮ್ಮ ಮನೆಗೆ ಬರಲಿಲ್ಲ; ಬಂದುದು ಕೇಳುವ ರೂಢಿ. ಪಾಲಕರೇ, ನಿಮ್ಮ ಮನೆಯ ಹೆಣ್ಣುಮಕ್ಕಳನ್ನೂ ಕೇಳಿ ನೋಡಿರಿ. ಅವರು ಉತ್ತರ ಹೇಳುವ ತನಕ ತಾಳ್ಮೆಯಿಂದ ಕಾಯಿರಿ.