ಉದವಾಡದ ಅಖಂಡ ಜ್ಯೋತಿ

ಗುಜರಾತಿನ ವಲಸಾಡ ಜಿಲ್ಲೆಯ ಕಡಲಂಚಿನಲ್ಲಿರುವ ಉದವಾಡವು ಪಾರಸಿ ಬಂಧುಗಳ ಪರಮಪುಣ್ಯಕ್ಷೇತ್ರ. ಸ್ವಧರ್ಮರಕ್ಷಣೆಗಾಗಿ ಇರಾನಿನಿಂದ ಕಡಲು ದಾಟಿ ಬಂದ ಅವರ ಪೂರ್ವಿಕರು ಸಂಜಾಣದಲ್ಲಿ ಪ್ರತಿಷ್ಠಿಸಿದ ಅಗ್ನಿಯು, ಪರಾಕ್ರಮಣದ ಕಾಲದಲ್ಲಿ ಬಹರೋಟ್ ಗುಡ್ಡದ ಗುಹೆಯನ್ನು ಸೇರಿ, ಮುಂದೆ ವಾಂಸದಾ, ನವಸಾರಿ ಮೊದಲಾದೆಡೆ ನೆಲೆಸಿ, 1742ರಲ್ಲಿ ಇಲ್ಲಿಗೆ ಬಂದಿತು. 'ಇರಾನ್‌ಶಾ' ಎಂದು ಅದರ ಹೆಸರು. ಎಂದರೆ ಇರಾನಿನ ಅರಸ. ರಾಜ್ಯವನ್ನು ಕಳೆದುಕೊಂಡ ಜನ ಅಗ್ನಿಯನ್ನೇ ಅರಸನೆಂದು ಭಾವಿಸಿದರು.

ಇಂತಹ ಅಗ್ನಿಪ್ರತಿಷ್ಠೆಗೆ ಹದಿನಾರು ಬಗೆಯ ಬೆಂಕಿಗಳನ್ನು ಶುದ್ಧಿಗೊಳಿಸಿ ಒಂದುಗೂಡಿಸಬೇಕು. ಸಿಡಿಲಿನ ಬೆಂಕಿಯೊಡನೆ ಕಮ್ಮಾರನ ಕುಲುಮೆ, ಕುಂಬಾರನ ಆವಿಗೆ, ಅಷ್ಟೇಕೆ, ಚಿತೆಯ ಬೆಂಕಿಯೂ ಅದರಲ್ಲಿ ಸೇರುತ್ತದೆ. ಕಾಯಕವನ್ನು ಪೂಜ್ಯವೆಂದು ಬಗೆಯುವ ನಮಗೆ ಈ ವಿಧಿ ಮನಮುಟ್ಟುವಂತಹುದು. ಬೆಳಕು ಅವರಿಗೆ ಅಹುರ ಮಜ್ದಾನ ಕುರುಹು. ಸದ್ವಿಚಾರ, ಸದ್ವಚನ, ಸತ್ಕಾರ್ಯಗಳೇ ಅವರ ಧರ್ಮದ ತಿರುಳು.

ಅನ್ಯಮತೀಯರಿಗೆ ಗರ್ಭಗೃಹದ ದರ್ಶನವಿಲ್ಲ, ಹೊರಗಿನಿಂದಲೇ ಕೈಮುಗಿಯಬೇಕು. ಒಳಗೆ ಪುರೋಹಿತರು ಬಾಯಿಗೆ ಬಿಳಿವಸ್ತ್ರ ಕಟ್ಟಿಕೊಂಡು, ದಿನಕ್ಕೆ ಐದು ವೇಳೆ ಅಗ್ನಿಗೆ ಕಟ್ಟಿಗೆಯನ್ನು ಅರ್ಪಿಸುತ್ತಾರೆ.

2011ರ ಜನಗಣತಿಯಂತೆ ಭಾರತದಲ್ಲಿದ್ದ ಪಾರಸಿಗಳು 57,264 ಮಂದಿ ಮಾತ್ರ. 2001ರಲ್ಲಿ 69,601 ಮಂದಿಯಿದ್ದರು. ಜ್ಯೋತಿ ಉರಿಯುತ್ತಿದೆ, ಕಾಯುವ ಕೈಗಳು ಕಡಿಮೆಯಾಗುತ್ತಿವೆ. ಆದರೂ ಗಂಡು ಹೆಣ್ಣೆಂಬ ಭೇದವಿಲ್ಲದೆ ಮಕ್ಕಳಿಗೆ 'ನವಜೋತ್' ಸಂಸ್ಕಾರವಿತ್ತು, ಎಪ್ಪತ್ತೆರಡು ಎಳೆಗಳ 'ಕುಸ್ತಿ'ಯನ್ನು ನಡುವಿಗೆ ಕಟ್ಟುವ ಪದ್ಧತಿಯನ್ನು ಅವರು ಉಳಿಸಿಕೊಂಡಿದ್ದಾರೆ. ಹೆಣ್ಣುಮಕ್ಕಳಿಗೂ ಲಿಂಗದೀಕ್ಷೆಯನ್ನಿತ್ತ ಶರಣರ ಪರಂಪರೆಯವರಾದ ನಾವು, ನಮ್ಮ ಮನೆಯ ಮಕ್ಕಳಲ್ಲಿ ನಿತ್ಯ ಇಷ್ಟಲಿಂಗಪೂಜೆಯ ರೂಢಿ ಉಳಿದಿದೆಯೇ ಎಂಬುದನ್ನು ಒಮ್ಮೆ ನೋಡಿಕೊಳ್ಳೋಣ.