ನಾನು ಜಾಝ್ ಕೇಳಿದ್ದು

ವಾರ್ಷಿಕ ಸಂಚಿಕೆಗೆ ಹಳೆಯ ಅಧ್ಯಾಪಕನಾದ ನಾನೂ ಏನಾದರೂ ಬರೆದುಕೊಡಬೇಕೆಂದು ಸಂಪಾದಕ ಮಿತ್ರರು ಗಂಟುಬಿದ್ದಿದ್ದಾರೆ. ಚರಿತ್ರೆಯ ಮೇಷ್ಟರು ಅಶೋಕನ ಶಾಸನಗಳನ್ನು ಬಿಟ್ಟು ಜಾಝ್ ಸಂಗೀತದ ಮಾತೆತ್ತಿದರೆ ವಿದ್ಯಾರ್ಥಿಗಳು ನಕ್ಕಾರು. ನಗಲಿ.

1984ರ ಮಾತು. ಆಗ ನನಗೆ ಇಪ್ಪತ್ತು ವರ್ಷ. ಕುಂದಾಪುರದ ಕಡೆಯ ಎಷ್ಟೋ ಹುಡುಗರಂತೆ ನಾನೂ ಮುಂಬಯಿ ಸೇರಿದ್ದೆ. ಬೆಳಗ್ಗೆ ಕಾಲೇಜು, ಮಧ್ಯಾಹ್ನದಿಂದ ಧೋಬಿ ತಲಾವಿನ ಬಳಿಯ ಒಂದು ಉಡುಪಿ ಹೋಟೆಲಿನ ಗಲ್ಲಾ. ದಿನವೂ ನಾಲ್ಕು ಗಂಟೆಗೆ ಸರಿಯಾಗಿ ಗೋವೆಯ ವೃದ್ಧರೊಬ್ಬರು ಬಂದು, ಎರಡು ಇಡ್ಲಿಗೆ ಮೂರು ಸಲ ಚಟ್ನಿ ಹಾಕಿಸಿಕೊಂಡು ತಿಂದು ಹೋಗುತ್ತಿದ್ದರು. ನಮ್ಮ ಮಾಣಿಗಳು ಅವರಿಗೆ ಇಟ್ಟ ಹೆಸರು 'ಚಟ್ನಿ ಅಜ್ಜ'. ನನ್ನ ಹರಕು ಕೊಂಕಣಿಯೇ ನಮ್ಮ ಸ್ನೇಹಕ್ಕೆ ಕಾರಣವಾಯಿತು.

ಅಜ್ಜ ಸ್ಯಾಕ್ಸೊಫೋನು ನುಡಿಸುತ್ತಿದ್ದವರು. ಊರಿನ ಇಗರ್ಜಿಯ ಶಾಲೆಯಲ್ಲಿ ಪಾಶ್ಚಾತ್ಯ ಸ್ವರಲಿಪಿ ಕಲಿತು ಮುಂಬಯಿಯ ಹೋಟೆಲು ಮೇಳಗಳನ್ನು ಸೇರಿದ್ದರು. 1935ರಲ್ಲಿ ಲಿಯಾನ್ ಅಬಿ ಎಂಬಾತ ಅಮೆರಿಕದ ಕಪ್ಪು ವಾದಕರ ಮೇಳವನ್ನು ತಾಜ್ ಹೋಟೆಲಿಗೆ ತಂದಿದ್ದ. ಆ ಕಾಲದ ಹುಚ್ಚು ಅದು. ಮುಂದೆ ಸ್ವರಲಿಪಿ ಬಲ್ಲ ಈ ಗೋವೆಯ ಜನವೇ ಹಿಂದಿ ಸಿನಿಮಾದ ವಾದ್ಯಗೋಷ್ಠಿಗಳಿಗೆ ಆಧಾರವಾದರು. 1951ರ 'ಅಲ್ಬೇಲಾ' ಚಿತ್ರದಲ್ಲಿ ತನ್ನ ಮೇಳದೊಡನೆ ಕಾಣಿಸಿಕೊಂಡ ಟ್ರಂಪೆಟ್ಟು ವಾದಕ ಚಿಕ್ ಚಾಕೊಲೇಟ್ ಗೋವೆಯವನೇ.

1978ರಲ್ಲಿ ಮುಂಬಯಿಯಲ್ಲಿ 'ಜಾಝ್ ಯಾತ್ರಾ' ಎಂಬ ಉತ್ಸವ ಮೊದಲಾಗಿತ್ತು. ಆ ಮೊದಲ ವರ್ಷವೇ ಸಾನಿ ರಾಲಿನ್ಸ್‌ನಂಥ ಘಟಾನುಘಟಿ ಬಂದು ನುಡಿಸಿದ್ದ. 1984ರ ಉತ್ಸವಕ್ಕೆ ಅಜ್ಜ ನನ್ನನ್ನೂ ಕರೆದರು. ಧಣಿಗಳಿಗೆ ಹೊಟ್ಟೆನೋವೆಂದು ಸುಳ್ಳು ಹೇಳಿ ಹೊರಟೆ.

ರಂಗ ಭವನ ಬಯಲು ರಂಗಮಂದಿರ. ಮೊದಲ ಅರ್ಧ ಗಂಟೆ ನನಗೆ ತಲೆಬುಡ ತಿಳಿಯಲಿಲ್ಲ. ಒಂದು ಧಾಟಿ ಎತ್ತಿಕೊಂಡರು, ಕಿವಿಗೆ ಇಂಪಾಗಿಯೇ ಇತ್ತು. ಇನ್ನೇನು ಹಿಡಿತಕ್ಕೆ ಸಿಕ್ಕಿತು ಎನ್ನುವಷ್ಟರಲ್ಲಿ ಅದನ್ನು ಬಿಟ್ಟು ಎಲ್ಲಿಗೋ ಹೊರಟೇಹೋದರು. ನನ್ನ ಮುಖ ನೋಡಿ ಅಜ್ಜ, "ಪುತಾ, ಮೊದಲಿನ ಧಾಟಿಯನ್ನು ಮನಸ್ಸಿನಲ್ಲಿ ಹಾಡುತ್ತಲೇ ಇರು. ಅವರು ಬಿಟ್ಟಿಲ್ಲ" ಎಂದು ನನ್ನ ಬೆರಳು ಹಿಡಿದು ಎಣಿಸತೊಡಗಿದರು. ನಾಲ್ಕು ನಾಲ್ಕು ಪೆಟ್ಟಿನ 32 ಆವರ್ತ. ಮುಗಿದರೆ ಮತ್ತೆ ಮೊದಲಿನಿಂದ. ಅಡಿಯಲ್ಲಿ ಪಿಯಾನೋ ಅದೇ ದಾರಿಯನ್ನು ಸುತ್ತುತ್ತಿದೆ, ಮೇಲೆ ಸ್ಯಾಕ್ಸೊಫೋನಿನವನು ಆ ಹೊತ್ತಿಗೆ ತನಗೆ ತೋಚಿದ್ದನ್ನು ಹೇಳುತ್ತಿದ್ದಾನೆ!

ಆಗ ಹೊಳೆಯಿತು. ಇದು ನಮ್ಮ ತಾಳಮದ್ದಲೆಯಲ್ಲವೆ? ಭಾಗವತರು ಪದ್ಯ ಹೇಳುತ್ತಾರೆ. ಅರ್ಥಧಾರಿ ಆ ಪದ್ಯದ ಅಂಕೆಯೊಳಗೇ ತನ್ನ ಮಾತನ್ನು ಕಟ್ಟುತ್ತಾನೆ. ನಿನ್ನೆಯ ಮಾತು ಇಂದಿಲ್ಲ. ಕಡೆಗೆ ಸ್ಯಾಕ್ಸೊಫೋನು ನಾಲ್ಕಾವರ್ತ, ಡ್ರಮ್ಮು ನಾಲ್ಕಾವರ್ತ ಎಂದು ಸವಾಲು ಜವಾಬು ನಡೆದಾಗ, ಕೃಷ್ಣ ಕೌರವರೇ ಎದುರುಬದುರು ಕುಳಿತಂತಾಗಿ ನಾನು ಕೂಗಿಬಿಟ್ಟೆ. ಪಕ್ಕದ ಪಾರಸೀ ಮಹಿಳೆ ದುರುಗುಟ್ಟಿ ನೋಡಿದರು.

ಮುಗಿದ ಮೇಲೆ ಅಜ್ಜ ರಂಗದ ಹಿಂದಕ್ಕೆ ಕರೆದೊಯ್ದರು. ಪರದೇಶದ ಡ್ರಮ್ಮಿನವನು ಬೆವರು ಒರೆಸಿಕೊಳ್ಳುತ್ತ ನನ್ನ ಕೈ ಕುಲುಕಿದ. ಬೆರಳಬುಡದ ಆ ಗಡಸನ್ನು ನಾನು ಚೆನ್ನಾಗಿ ಬಲ್ಲೆ. ಚಂಡೆ ಬಾರಿಸುವ ನಮ್ಮ ದೊಡ್ಡಪ್ಪನ ಕೈ ಹಾಗೆಯೇ ಇತ್ತು. ದಾರಿಯಲ್ಲಿ ಇದನ್ನು ಹೇಳಿದಾಗ ಅಜ್ಜ ಮಗುವಿನಂತೆ ಹಿಗ್ಗಿ, "ನಿಮ್ಮವರು ಮಳೆಗಾಲದಲ್ಲಿ ಮುಂಬಯಿಗೆ ಬರುತ್ತಾರಲ್ಲ, ನನ್ನನ್ನು ಕರೆದುಕೊಂಡು ಹೋಗಬೇಕು" ಎಂದು ಮಾತು ತೆಗೆದುಕೊಂಡರು.

ಆ ಮಳೆಗಾಲ ದೊಡ್ಡಪ್ಪನ ಮೇಳ ಬಂದಿತು. ಶಾಲೆಯೊಂದರ ಸೋರುವ ಹಾಲು, ಮುರುಕು ಬೆಂಚು, ಅರ್ಧ ತುಂಬಿದ ಸಭೆ. ರಂಗ ಭವನದ ದೀಪಗಳನ್ನು ಕಂಡ ನನ್ನ ಕಣ್ಣಿಗೆ ಅದೆಲ್ಲ ಬಡಕಲಾಗಿ ತೋರಿತು. ಅಜ್ಜ ಕೇಳಿದರು. "ಈ ವರ್ಷ ಮೇಳ ಬಂದಿಲ್ಲ" ಎಂದೆ. ಅವರು ಚಟ್ನಿ ಹಾಕಿಸಿಕೊಳ್ಳದೆ ಎದ್ದುಹೋದದ್ದು ನನಗೆ ನೆನಪಿರುವಂತೆ ಆ ದಿನ ಮಾತ್ರ. ಅವರಿಗೆ ತಿಳಿದಿತ್ತೋ ಏನೋ.

ದೀಪಾವಳಿ ಕಳೆದು ಅವರು ಗೋವೆಗೆ ಹೊರಟುಹೋದರು. ಹೋಗುವಾಗ ಗಲ್ಲಾದ ಮೇಲೊಂದು ಕ್ಯಾಸೆಟ್ಟು ಇಟ್ಟರು: ಬಾಸ್ಟನ್ನಿನ ಚಾರ್ಲಿ ಮರಿಯಾನೊ, ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ನಿನ ಟಿ. ಎ. ಎಸ್. ಮಣಿ, ಆರ್. ಎ. ರಮಾಮಣಿ ಮೊದಲಾದವರೊಡನೆ 1983ರಲ್ಲಿ ಮುದ್ರಿಸಿದ 'ಜ್ಯೋತಿ'. "ನಿಮ್ಮೂರಿನವರು" ಎಂದರು. ಅವರ ಲೆಕ್ಕಕ್ಕೆ ಬೆಂಗಳೂರೂ ಕುಂದಾಪುರವೂ ಒಂದೇ.

ಮರುವರ್ಷ ಊರಿಗೆ ಹೋದಾಗ ದೊಡ್ಡಪ್ಪನಿಗೆ ಅದನ್ನು ಹಾಕಿ ಕೇಳಿಸಿದೆ. ಕಣ್ಣುಮುಚ್ಚಿ, ತೊಡೆಯ ಮೇಲೆ ಬೆರಳಾಡಿಸುತ್ತ, ಎರಡು ಬದಿಯನ್ನೂ ಪೂರ್ತಿ ಕೇಳಿದರು. ಯಾರು ಕೊಟ್ಟದ್ದೆಂದು ಕೇಳಿದರು. ಮುಚ್ಚಿಡಲಾರದೆ ಎಲ್ಲವನ್ನೂ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು,

"ಅಲ್ಲ ಮಾಣಿ, ಆ ಅಜ್ಜನ್ನ ಒಂದ್ ರಾತ್ರಿ ನಮ್ ಆಟಕ್ಕೆ ಕರ್ಕಂಡ್ ಬಪ್ಪುಕೆ ಆಯ್ಲಿಲ್ಯಾ ನಿಂಗೆ?" ಎಂದರು.